ಎಕರೆಗೆ ಕೊಟ್ಟರೆ ಯಾರಿಗೆ ಕೊಟ್ಟ ಹಾಗೆ?

ಯುರೋಪಿನ ರೈತರಿಗೆ ಸರ್ಕಾರ ಕೈತುಂಬ ದುಡ್ಡು ಕೊಡುತ್ತದೆ, ನಮ್ಮವರಿಗೆ ಪುಡಿಗಾಸು ಅಂತ ಆಗಾಗ ಒಂದು ಪೋಸ್ಟ್ ಓಡಾಡುತ್ತಿರುತ್ತದೆ. ಕೊಡುವುದು ನಿಜ. ಯಾರ ಕೈ ತುಂಬುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಯುರೋಪಿಯನ್ ಒಕ್ಕೂಟದ ದೇಶಗಳಿಗೆಲ್ಲ ಸೇರಿ ಒಂದು ಕೃಷಿ ನೀತಿ ಇದೆ. 1962ರಲ್ಲಿ ಶುರುವಾಗಿದ್ದು. ಎರಡನೇ ಮಹಾಯುದ್ಧದ ಕಾಲದ ಹಸಿವು ಇನ್ನೂ ನೆನಪಿದ್ದ ಜನ. ಅದರ ರೂವಾರಿ ಸಿಕ್ಕೊ ಮಾನ್ಸ್‌ಹೋಲ್ಟ್ ಸ್ವತಃ ನೆದರ್‌ಲೆಂಡ್ಸ್‌ನಲ್ಲಿ ಬೇಸಾಯ ಮಾಡಿದವರು. ಬೆಲೆ ಬಿದ್ದರೆ ಸರ್ಕಾರವೇ ಕೊಂಡು ಗೋದಾಮಿಗೆ ಹಾಕುತ್ತಿತ್ತು. ಬೆಲೆ ಗ್ಯಾರಂಟಿ ಅಂದಮೇಲೆ ಹಾಲು ಕರೆಯುವವರು ಸುಮ್ನೆ ಇರ್ತಾರಾ? ಬೆಣ್ಣೆ, ಹಾಲಿನ ಪುಡಿ ರಾಶಿ ಬಿತ್ತು. 1984ರಲ್ಲಿ ಇಷ್ಟಕ್ಕಿಂತ ಹೆಚ್ಚು ಬೇಡ ಅಂತ ಹಾಲಿಗೇ ಕೋಟಾ ಹಾಕಬೇಕಾಯಿತು.

(ಅಂದಹಾಗೆ, ಅವರಿಗೆ ಮಿಕ್ಕ ಪುಡಿ ಮತ್ತು ಬೆಣ್ಣೆ ಕೊಬ್ಬು ದಾನವಾಗಿ ಭಾರತಕ್ಕೂ ಬಂತು. ಅದನ್ನು ಮಾರಿದ ದುಡ್ಡಿನಲ್ಲೇ 1970ರಲ್ಲಿ ಅಮುಲ್‌ನ ಕುರಿಯನ್ ಅವರ ಆಪರೇಷನ್ ಫ್ಲಡ್, ಅಂದರೆ ದೇಶದ ಹಾಲಿನ ಉತ್ಪಾದನೆ ಹೆಚ್ಚಿಸುವ ಯೋಜನೆ, ಹೊರಟಿದ್ದು. ಮುಂದಿನ ಹಂತಗಳಲ್ಲಿ ನಮ್ಮ ರಾಜ್ಯದ ಹಾಲು ಒಕ್ಕೂಟಗಳೂ ಅದರೊಳಗೆ ಬಂದವು.)

1992ರಲ್ಲಿ ದಾರಿ ಬದಲಾಯಿತು. ಬೆಂಬಲ ಬೆಲೆ ಇಳಿಸಿ, ರೈತರ ಖಾತೆಗೆ ನೇರವಾಗಿ ಹಣ ಹಾಕತೊಡಗಿದರು. ಈಗ ಅದರ ಬಹುಪಾಲು ಜಮೀನಿನ ಅಳತೆಯ ಮೇಲೆ ಹೋಗುತ್ತದೆ. ಎಡವಟ್ಟಾಗಿರುವುದು ಇಲ್ಲೇ. ಜಮೀನು ಜಾಸ್ತಿ ಇದ್ದವನಿಗೆ ದುಡ್ಡೂ ಜಾಸ್ತಿ. ನೇರ ಪಾವತಿಯ ಶೇ. 80ರಷ್ಟು ಹೋಗುವುದು ಶೇ. 20 ಮಂದಿಗೆ. ಇನ್ನೊಬ್ಬರ ಜಮೀನನ್ನು ಗುತ್ತಿಗೆಗೆ ಮಾಡುವವನಿಗೂ ಹಣ ಸಿಗುತ್ತದೆ, ಸರಿ. ಆದರೆ ಅದು ಬರುತ್ತದೆ ಅಂತ ಗೊತ್ತಿರುವ ಜಮೀನಿನ ಒಡೆಯ ಗುತ್ತಿಗೆ ಹಣ ಏರಿಸುತ್ತಾನೆ. 2005ರಿಂದ 2020ರೊಳಗೆ ಅಲ್ಲಿ ಸುಮಾರು 50 ಲಕ್ಷ ಹಿಡುವಳಿಗಳು ಕಣ್ಮರೆಯಾದವು. ಹೆಚ್ಚಿನವು ಸಣ್ಣವು.

ನನಗೆ ಹಿಡಿಸುವುದು ಇದೇ ನೀತಿಯ ಇನ್ನೊಂದು ಕೈ. ಆಸ್ಟ್ರಿಯಾದ ಬೆಟ್ಟಗಳಲ್ಲಿ ಟ್ರ್ಯಾಕ್ಟರ್ ಹತ್ತದ ಇಳಿಜಾರುಗಳಿವೆ. ಅಂಥ ಕಡೆ ಹುಲ್ಲು ಕೊಯ್ದು ನಾಲ್ಕು ಹಸು ಸಾಕುವವರಿಗೆ, ಕಷ್ಟ ಹೆಚ್ಚಿದ್ದಷ್ಟೂ ನೆರವು ಹೆಚ್ಚು. 1991ರಿಂದ ನಡೆಯುತ್ತಿರುವ ಲೀಡರ್ ಯೋಜನೆಯಲ್ಲಿ ಊರಿನವರೇ ಗುಂಪು ಕಟ್ಟಿಕೊಂಡು ಯಾವ ಕೆಲಸಕ್ಕೆ ಹಣ ಅಂತ ತೀರ್ಮಾನಿಸುತ್ತಾರೆ. ಆದರೆ ಒಟ್ಟು ಹಣದಲ್ಲಿ ಇವಕ್ಕೆಲ್ಲ ಸಿಗುವುದು ಸಣ್ಣ ಪಾಲು.

ನಮ್ಮ ಪಿಎಂ ಕಿಸಾನ್ ಈ ವಿಷಯದಲ್ಲಿ ವಾಸಿ. ಒಂದೆಕರೆ ಇರಲಿ, ಹತ್ತೆಕರೆ ಇರಲಿ, ಕುಟುಂಬಕ್ಕೆ ವರ್ಷಕ್ಕೆ 6000 ರೂಪಾಯಿ. ಆದರೆ ಪಹಣಿಯಲ್ಲಿ ಹೆಸರಿಲ್ಲದೆ ಇನ್ನೊಬ್ಬರ ಹೊಲ ಉಳುವವನಿಗೆ ಅದೂ ಇಲ್ಲ. ಯುರೋಪನ್ನು ತೋರಿಸಿ ನಮಗೂ ಎಕರೆ ಲೆಕ್ಕದಲ್ಲಿ ಕೊಡಿ ಅನ್ನುವವರು, ಗುತ್ತಿಗೆಗೆ ಉಳುವ ಈ ರೈತನಿಗೆ ಏನು ಸಿಗುತ್ತದೆ ಅಂತ ಮೊದಲು ಹೇಳಲಿ.