ಏರಿದ್ದು ಇಳಿಯುವುದೇ ಇಲ್ಲ

ಪೆಟ್ರೋಲ್ ದರ 2017ರ ಜೂನ್‌ನಿಂದ ದಿನವೂ ಪರಿಷ್ಕರಣೆಯಾಗತೊಡಗಿದಾಗ, ಕಚ್ಚಾ ತೈಲ ಅಗ್ಗವಾದ ದಿನ ನಮಗೂ ಅಗ್ಗ ಎಂದು ನಂಬಿದ್ದೆವು. 2020ರಲ್ಲಿ ಕಚ್ಚಾ ತೈಲ ನೆಲಕಚ್ಚಿತು. ಆಗ ಕೇಂದ್ರ ಸರ್ಕಾರ ಮೇ ತಿಂಗಳಲ್ಲಿ ಲೀಟರ್ ಪೆಟ್ರೋಲಿಗೆ 10, ಡೀಸೆಲ್‌ಗೆ 13 ರೂಪಾಯಿ ಸುಂಕ ಏರಿಸಿ ಲಾಭವನ್ನು ತಾನೇ ಬಾಚಿಕೊಂಡಿತು. ರಾಜ್ಯವೇನು ಕಡಿಮೆಯೇ? 2024ರ ಜೂನ್‌ನಲ್ಲಿ ಪೆಟ್ರೋಲಿಗೆ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ ಡೀಸೆಲ್‌ಗೆ 2 ರೂಪಾಯಿ.

ನಮ್ಮ ಮಲೆನಾಡಿನಲ್ಲಿ ಬೈಕು ಶೋಕಿಯಲ್ಲ. ಬಸ್ಸು ಮುಖ್ಯರಸ್ತೆಯಲ್ಲೇ ಇಳಿಸಿ ಹೋಗುತ್ತದೆ. ಡೇರಿಗೆ ಹಾಲು ಹಾಕಲು, ಪಡಿತರ ತರಲು, ಆಸ್ಪತ್ರೆಗೆ ಓಡಲು ಮನೆಯ ಗಾಡಿಯೇ ಗತಿ. ಡೀಸೆಲ್ ಏರಿದ ಮರುದಿನವೇ ತರಕಾರಿ ಅಂಗಡಿಯವನು ಟೊಮೆಟೊಗೆ ಬೆಲೆ ಏರಿಸುತ್ತಾನೆ, ಕೇಳಿದರೆ ಗೂಡ್ಸ್ ಆಟೋದ ಬಾಡಿಗೆ ಎನ್ನುತ್ತಾನೆ. (ಡೀಸೆಲ್ ಇಳಿದರೆ ಆ ಬಾಡಿಗೆ ನೆನಪಾಗುವುದಿಲ್ಲ, ಅದು ಬೇರೆ ಮಾತು.)

ಶೃಂಗೇರಿ, ಹೊರನಾಡಿಗೆ ಬರುವ ಯಾತ್ರಿಕರು ಜೀಪಿನ ಬಾಡಿಗೆ ಕೇಳಿ ಹೌಹಾರುತ್ತಾರೆ; ಚಾಲಕ ಸುಲಿಯುತ್ತಿದ್ದಾನೆ ಎಂದು ಗೊಣಗುತ್ತಾರೆ. ಘಟ್ಟದ ತಿರುವುಗಳಲ್ಲಿ ಎರಡನೇ ಗೇರಿನಲ್ಲೇ ಏದುಸಿರು ಬಿಡುತ್ತಾ ಏರುವ ಜೀಪು ಎಷ್ಟು ಡೀಸೆಲ್ ಕುಡಿಯುತ್ತದೆ, ಅವರಿಗೇನು ಗೊತ್ತು? ಖಾಲಿ ಗಾಡಿ ವಾಪಸು ಬರುವ ಖರ್ಚೂ ಅದರಲ್ಲೇ ಸೇರಿದೆ.

ಇಂಧನವನ್ನು ಜಿಎಸ್‌ಟಿಗೆ ಸೇರಿಸಿ ಎಂದರೆ ಕೇಂದ್ರ ರಾಜ್ಯಗಳತ್ತ, ರಾಜ್ಯಗಳು ಕೇಂದ್ರದತ್ತ ಬೆರಳು ತೋರಿಸುತ್ತವೆ. ಇತ್ತ ಬಂಕಿನ ಹುಡುಗ "ಸೊನ್ನೆ ನೋಡಿಕೊಳ್ಳಿ ಸಾರ್" ಎನ್ನುತ್ತಾನೆ. ನೋಡಿದೆನಪ್ಪಾ, ಆ ಸೊನ್ನೆ ನೂರಾಗುವಷ್ಟರಲ್ಲಿ ಒಂದು ಲೀಟರ್ ಕೂಡ ಬಿದ್ದಿರುವುದಿಲ್ಲ.