ಬರೀ ಹೈಡ್ರೋಜನ್ ಬಂಧ ಎಣಿಸಿದರೆ ಸಾಲದು

ಡಿಎನ್‌ಎಯ ಎರಡು ಎಳೆಗಳನ್ನು ಜೋಡಿಸುವ ಬೇಸ್ ಎಂಬ ಘಟಕಗಳ ಬಗ್ಗೆ ನಿಮ್ಮ ಲೇಖನದಲ್ಲಿ, ಜಿ-ಸಿ (ಗ್ವಾನಿನ್-ಸೈಟೋಸಿನ್) ಜೋಡಿಗೆ ಮೂರು ಹೈಡ್ರೋಜನ್ ಬಂಧ, ಎ-ಟಿಗೆ (ಅಡೆನಿನ್-ಥೈಮಿನ್) ಎರಡು, ಹಾಗಾಗಿ ಜಿ-ಸಿ ಗಟ್ಟಿ ಅಂತ ಬರೆದಿದ್ದೀರಿ. ಸರಿಯೇ, ಆದರೆ ಅಷ್ಟಕ್ಕೇ ನಿಲ್ಲಿಸಿಬಿಟ್ಟಿರಲ್ಲ! ಸೈಟೋಸಿನ್‌ನ 5ನೇ ಕಾರ್ಬನ್‌ಗೆ ಒಂದು ಮೀಥೈಲ್ (ಒಂದು ಕಾರ್ಬನ್, ಮೂರು ಹೈಡ್ರೋಜನ್ ಇರುವ ಪುಟ್ಟ ಗುಂಪು) ಅಂಟಿಸಿ ನೋಡಿ. ಬಂಧ ಮೂರೇ, ಆದರೂ ಡಿಎನ್‌ಎ ಎಳೆಗಳು ಬಿಡಿಸಿಕೊಳ್ಳಲು ಸ್ವಲ್ಪ ಜಾಸ್ತಿ ಬಿಸಿ ಬೇಕು. ಬೇಸ್‌ಗಳು ತಟ್ಟೆ ಮೇಲೆ ತಟ್ಟೆ ಪೇರಿಸಿದ ಹಾಗೆ ಕೂತಿರುತ್ತವೆ, ಆ ಪೇರಿಕೆ ಬಿಗಿಯಾಗುತ್ತದೆ. ಅದೇ ಮೀಥೈಲ್ ಅಡೆನಿನ್‌ನ 6ನೇ ಜಾಗದ ಅಮೈನೊ ಗುಂಪಿಗೆ ಸೇರಿದರೆ ಉಲ್ಟಾ. ಅಡೆನಿನ್ ಥೈಮಿನ್ ಜೊತೆ ಕೂಡಲು ಆ ಮೀಥೈಲ್ ಮೊದಲು ಅಡ್ಡ ಬರದಂತೆ ಆಚೆ ಕಡೆ ತಿರುಗಿಕೊಳ್ಳಬೇಕು. ಅದಕ್ಕೇ ಶಕ್ತಿ ಖರ್ಚು, ಜೋಡಿ ಸಡಿಲ. ಎಸ್-2ಎಲ್ ಅನ್ನುವ ವೈರಸ್ ಅಂತೂ ಅಡೆನಿನ್ ಬದಲು 2-ಅಮೈನೊಅಡೆನಿನ್ (2ನೇ ಜಾಗದಲ್ಲಿ ಇನ್ನೊಂದು ಅಮೈನೊ ಗುಂಪಿರುವ ಅಡೆನಿನ್) ಇಟ್ಟುಕೊಂಡಿದೆ, ಥೈಮಿನ್ ಜೊತೆಗೂ ಮೂರು ಬಂಧ! 1977ರಲ್ಲೇ ಗೊತ್ತಾದದ್ದು. ಸೇರಿಸಬಹುದಿತ್ತು, ಅಲ್ವಾ?