ಹತ್ತು ವರ್ಷ ದಂಡವಾಯಿತು ಎನ್ನುವವರಿಗೆ

ನಮ್ಮ ಮನೆಯ ಬೀರುವಿನ ಬಾಗಿಲ ಮೇಲೆ ಏಳು ಹುಡುಗರು ಅಂಟಿಕೊಂಡು ಎರಡು ವರ್ಷವಾಯಿತು. ಅಂಟಿಸಿದ್ದು ಮಗಳು. ಮೊದಮೊದಲು ಏಳೂ ಮುಖಗಳು ನನಗೆ ಒಂದೇ ತರಹ ಕಾಣುತ್ತಿದ್ದವು. ಹಾಗೆಂದಾಗಲೆಲ್ಲ, ‘ನಿನ್ನ ಧಾರಾವಾಹಿಯ ಅತ್ತೆಯಂದಿರು ಮಾತ್ರ ಬೇರೆ ಬೇರೆ ಕಾಣುತ್ತಾರಾ ಅಮ್ಮಾ?’ ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು. ಈಗ ಏಳು ಜನರ ಹೆಸರನ್ನೂ ಹೇಳಬಲ್ಲೆ. ಅವರಲ್ಲಿ ಒಬ್ಬನ ಬಗ್ಗೆ ಜಗಳಕ್ಕೂ ಇಳಿಯಬಲ್ಲೆ. ಇಳಿದೂ ಆಯಿತು, ಕಳೆದ ವಾರ, ನೆಂಟರೊಬ್ಬರ ಗೃಹಪ್ರವೇಶದಲ್ಲಿ, ಹೋಳಿಗೆ ಎಲೆಯ ಮುಂದೆ ಕುಳಿತು.

ಹುಡುಗನ ಹೆಸರು ಪಾರ್ಕ್ ಸಂಗ್‌ಹೂನ್. ಎನ್‌ಹೈಪನ್ ಎಂಬ ಕೊರಿಯನ್ ಪಾಪ್ ತಂಡದವನು, 2002ರ ಡಿಸೆಂಬರ್‌ನಲ್ಲಿ ಹುಟ್ಟಿದವನು. ತಂಡಕ್ಕೆ ಸೇರುವ ಮೊದಲು ಸುಮಾರು ಹತ್ತು ವರ್ಷ ಫಿಗರ್ ಸ್ಕೇಟಿಂಗ್ ಮಾಡಿದ್ದ, ಅಂದರೆ ಬ್ಲೇಡು ಇರುವ ಬೂಟು ತೊಟ್ಟು ಐಸಿನ ಮೇಲೆ ಸಂಗೀತಕ್ಕೆ ತಕ್ಕಂತೆ ಜಾರಿ ಜಿಗಿಯುವ ಆಟ. ಹವ್ಯಾಸಕ್ಕಲ್ಲ, ಸ್ಪರ್ಧೆಗೆ. ಕೊರಿಯಾದ ರಾಷ್ಟ್ರೀಯ ಜೂನಿಯರ್ ಮಟ್ಟದಲ್ಲಿ ಬೆಳ್ಳಿ ಗೆದ್ದವನು, ಹೊರದೇಶದ ಸ್ಪರ್ಧೆಗಳಲ್ಲೂ ಐಸಿಗೆ ಇಳಿದವನು. ಮಗಳು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದಾಗ ಪಕ್ಕದ ಎಲೆಯಲ್ಲಿದ್ದ ಹಿರಿಯರೊಬ್ಬರು ಸಾರಿಗೆ ಅನ್ನ ಕಲೆಸುತ್ತಲೇ ತೀರ್ಪು ಕೊಟ್ಟರು: ‘ಹತ್ತು ವರ್ಷ ಕಲಿತು ಕೊನೆಗೆ ಹಾಡಿ ಕುಣಿಯಲು ಹೋದನೇ? ಹತ್ತು ವರ್ಷ ದಂಡ.’

ಆ ‘ದಂಡ’ ಎಂಬ ಪದ ನನ್ನ ಹಳೆಯ ಗಾಯಕ್ಕೆ ತಾಗಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಹತ್ತು ವರ್ಷದ ಲೆಕ್ಕ ನೋಡೋಣ. 2010ರ ಫೆಬ್ರುವರಿಯಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಕೊರಿಯಾದ ಕಿಮ್ ಯೂನಾ 228.56 ಅಂಕ ಗಳಿಸಿ ಚಿನ್ನ ಗೆದ್ದಳು. ಸ್ಪೀಡ್ ಸ್ಕೇಟಿಂಗಿನಲ್ಲಿ ಹೆಸರಿದ್ದ, ಫಿಗರ್ ಸ್ಕೇಟಿಂಗಿನಲ್ಲಿ ಹೆಸರೇ ಇಲ್ಲದಿದ್ದ ದೇಶ ಅದು. ಅವಳನ್ನು ನೋಡಿ ಐಸಿಗೆ ಇಳಿದ ಒಂದು ತಲೆಮಾರನ್ನೇ ಅಲ್ಲಿ ‘ಯೂನಾ ಕಿಡ್ಸ್’ ಎಂದು ಕರೆಯುತ್ತಾರೆ. ಸಂಗ್‌ಹೂನ್ ಬೂಟು ಕಟ್ಟಿದ್ದೂ ಅದೇ ಹೊತ್ತಿನಲ್ಲಿ. ಆದರೆ ಆ ಅಲೆಯಲ್ಲಿ ಬಂದವರು ಹೆಚ್ಚಾಗಿ ಹುಡುಗಿಯರು. ಗಂಡುಮಕ್ಕಳ ದಾರಿ ಖಾಲಿಯಾಗಿತ್ತು, ಕಿರಿದೂ ಆಗಿತ್ತು. 2002ರ ನಂತರ ಒಲಿಂಪಿಕ್ಸ್‌ನ ಪುರುಷರ ಸ್ಪರ್ಧೆಗೆ ಕೊರಿಯಾದಿಂದ ಮತ್ತೊಬ್ಬ ಹೋಗಿದ್ದು 2018ರಲ್ಲಿ, ಅದೂ ತಮ್ಮದೇ ನೆಲದ ಪ್ಯೋಂಗ್‌ಚಾಂಗ್‌ನಲ್ಲಿ ಕ್ರೀಡಾಕೂಟ ನಡೆದಾಗ.

ಆ ಒಂದೇ ಒಂದು ಜಾಗ ಯಾರಿಗೆ ಸಿಕ್ಕಿತು ಎಂಬ ಕತೆಯನ್ನು ನಾನು ಊಟದ ಎಲೆಯ ಮುಂದೆ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಪಾಯಸ ಬಂತು. ಇಲ್ಲಿ ಪೂರ್ತಿ ಹೇಳುತ್ತೇನೆ. 2017ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ನೆಬೆಲ್‌ಹಾರ್ನ್ ಟ್ರೋಫಿಯಲ್ಲಿ ಆಡಿ ದೇಶಕ್ಕೆ ಆ ಜಾಗವನ್ನು ಗೆದ್ದುಕೊಟ್ಟವನು ಲೀ ಜುನ್‌ಹ್ಯೋಂಗ್. ಆದರೆ ಗೆದ್ದ ಜಾಗ ಗೆದ್ದವನದಲ್ಲ, ದೇಶದ್ದು. ಅದರಲ್ಲಿ ಕೂರುವವರು ಯಾರು ಎಂದು ತೀರ್ಮಾನಿಸಲು ಮೂರು ಆಯ್ಕೆ ಸ್ಪರ್ಧೆಗಳ ಅಂಕಗಳನ್ನು ಕೂಡಿಸುತ್ತಾರೆ. ಎರಡು ಮುಗಿದಾಗ ಲೀ ಮುಂದಿದ್ದ, ಹದಿನಾರು ವರ್ಷದ ಚಾ ಜುನ್‌ಹ್ವಾನ್ 27 ಅಂಕಗಳಿಗೂ ಹೆಚ್ಚು ಹಿಂದೆ. 2018ರ ಜನವರಿಯ ಕೊನೆಯ ಸ್ಪರ್ಧೆಯಲ್ಲಿ ಲೆಕ್ಕವೆಲ್ಲ ತಲೆಕೆಳಗಾಗಿ, ಎರಡು ಚಿಲ್ಲರೆ ಅಂಕಗಳ ಅಂತರದಲ್ಲಿ ಚಾ ಮೇಲಕ್ಕೆ ಬಂದ. ಬಾವಿ ತೋಡಿದವನು ಒಬ್ಬ, ನೀರು ಸೇದಿದವನು ಇನ್ನೊಬ್ಬ. ಇದರಲ್ಲಿ ಯಾರ ತಪ್ಪೂ ಇಲ್ಲ. ಆ ಕ್ರೀಡೆ ಇರುವುದೇ ಹಾಗೆ.

ಚಾ ಜುನ್‌ಹ್ವಾನ್ ಸಂಗ್‌ಹೂನನಿಗಿಂತ ಒಂದು ವರ್ಷ ದೊಡ್ಡವನು, ಸ್ನೇಹಿತ. ಮುಂದೆ ಅವನು 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಐದನೆಯವನಾದ, 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ. ನಡುವೆ 2022ರಲ್ಲಿ ಬೂಟು ಕೈಕೊಟ್ಟು ವಿಶ್ವ ಚಾಂಪಿಯನ್‌ಷಿಪ್ಪನ್ನೇ ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಹೌದು, ಬೂಟು. ಆ ಮಟ್ಟದವನ ಒಂದು ವರ್ಷವೂ ಒಂದು ಜೊತೆ ಚರ್ಮದ ಬೂಟಿನ ಮೇಲೆ ನಿಂತಿರುತ್ತದೆ.

ಈಗ ಹೇಳಿ, ಅಂಥವನ ಬೆನ್ನ ಹಿಂದೆಯೇ ಬೆಳೆಯುತ್ತಿರುವ ಹದಿನೈದು ಹದಿನಾರರ ಹುಡುಗನಿಗೆ ತನ್ನ ಮುಂದಿನ ಬಾಗಿಲು ಎಷ್ಟು ಅಗಲವಿದೆ ಎಂದು ಕಾಣದೇ ಇರುತ್ತದೆಯೇ? 2018ರಿಂದ ಅವನು ಬಿಗ್ ಹಿಟ್ ಎಂಬ ಸಂಗೀತ ಸಂಸ್ಥೆಯಲ್ಲಿ ಗಾಯನ ನೃತ್ಯದ ತರಬೇತಿಗೂ ಸೇರಿಕೊಂಡ. ಎರಡು ವರ್ಷ ಎರಡನ್ನೂ ಒಟ್ಟಿಗೆ ನಡೆಸಿದ. ಐಸಿನ ಅಂಗಳಗಳನ್ನು ಸಾರ್ವಜನಿಕರು, ಹಾಕಿಯವರು, ಸ್ಪೀಡ್ ಸ್ಕೇಟಿಂಗಿನವರು ಹಂಚಿಕೊಳ್ಳುವುದರಿಂದ ಫಿಗರ್ ಸ್ಕೇಟಿಂಗಿನವರಿಗೆ ಸಿಗುವುದು ನಸುಕು ಅಥವಾ ನಡುರಾತ್ರಿ. ಉಳಿದ ಹೊತ್ತೆಲ್ಲ ಕನ್ನಡಿಯ ಕೋಣೆಯಲ್ಲಿ ಕುಣಿತ. ಇದನ್ನು ‘ಬಿಟ್ಟು ಹೋದ’ ಎನ್ನುವವರು ಹದಿನಾರನೆಯ ವಯಸ್ಸಿನಲ್ಲಿ ತಾವು ಎಷ್ಟು ಗಂಟೆಗೆ ಏಳುತ್ತಿದ್ದೆವು ಎಂದು ಒಮ್ಮೆ ನೆನಪಿಸಿಕೊಳ್ಳಲಿ.

ಅಭಿಮಾನಿಗಳ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ, ಮಗಳು ಓದಿ ಮುನಿಸಿಕೊಂಡರೂ ಚಿಂತೆಯಿಲ್ಲ. ‘ನಮಗಾಗಿ ಕನಸನ್ನು ತ್ಯಾಗ ಮಾಡಿದ’, ‘ಮನಸ್ಸಿನ ಮಾತು ಕೇಳಿದ’ ಎಂದು ಕಣ್ಣೀರು ತರಿಸುವ ವಿಡಿಯೊಗಳನ್ನು ಮಾಡುತ್ತಾರೆ. ತ್ಯಾಗವೂ ಅಲ್ಲ, ಬಿಡುಗಡೆಯಂತೂ ಮೊದಲೇ ಅಲ್ಲ. ಅವನು ಒಂದು ತಕ್ಕಡಿಯಿಂದ ಇಳಿದು ಇನ್ನೊಂದು ತಕ್ಕಡಿಗೆ ಹತ್ತಿದ, ಅಷ್ಟೇ. 2020ರ ಜೂನ್ 26ರಿಂದ ಸೆಪ್ಟೆಂಬರ್ 18ರವರೆಗೆ ಎಂನೆಟ್ ವಾಹಿನಿಯಲ್ಲಿ ‘ಐ-ಲ್ಯಾಂಡ್’ ಎಂಬ ಸ್ಪರ್ಧೆ ನಡೆಯಿತು. 23 ಹುಡುಗರು. ಅದಕ್ಕೆಂದೇ ಸಜ್ಜುಗೊಳಿಸಿದ ಕಟ್ಟಡದಲ್ಲಿ ಅವರನ್ನು ಇಟ್ಟು, ಯಾರು ಹೊರಗೆ ಹೋಗಬೇಕು ಎಂದು ಅವರವರೇ ಮತ ಹಾಕುವಂತೆ ಮಾಡಿದ್ದರು. ನಿನ್ನೆ ಪಕ್ಕದಲ್ಲಿ ಕುಳಿತು ಉಂಡವನ ಹೆಸರನ್ನು ಇವತ್ತು ಒತ್ತಬೇಕು. ನಾನು ಮಗಳ ಒತ್ತಾಯಕ್ಕೆ ಮೂರು ಕಂತು ನೋಡಿದೆ, ನಾಲ್ಕನೆಯದಕ್ಕೆ ಎದ್ದು ಹೋಗಿ ಬಟ್ಟೆ ಮಡಚಿದೆ. ಮಕ್ಕಳನ್ನು ಹಾಗೆ ಕಾದಾಡಿಸುವುದನ್ನು ನೋಡುವ ಹೊಟ್ಟೆ ನನಗಿಲ್ಲ. ಸಂಗ್‌ಹೂನ್ ಕೊನೆಗೆ ಪ್ರೇಕ್ಷಕರ ಮತಗಳಲ್ಲಿ ಆರನೆಯವನಾಗಿ ಉಳಿದ. ಮತದಿಂದ ಆಯ್ಕೆಯಾದವರು ಆರೇ ಜನ. ಏಳನೆಯವನನ್ನು ನಿರ್ಮಾಪಕರು ಆರಿಸಿದರು. ಅಂದರೆ ಇಲ್ಲೂ ಬಾಗಿಲ ಅಂಚಿನಲ್ಲೇ ನುಗ್ಗಿ ಬಂದವನು.

2020ರ ನವೆಂಬರ್ 30ರಂದು ತಂಡದ ಮೊದಲ ಹಾಡುಗಳು ಬಂದವು. ಹೈಫನ್ ಎಂಬ ಗೆರೆ ಎರಡು ಪದಗಳನ್ನು ಜೋಡಿಸುತ್ತದಲ್ಲ, ಅದರಿಂದಲೇ ತಂಡದ ಹೆಸರು. ನನ್ನ ಮಟ್ಟಿಗೆ ಆ ಏಳು ಜನರಲ್ಲಿ ಹೆಸರಿಗೆ ಸರಿಯಾಗಿ ಹೊಂದುವವನು ಇವನೊಬ್ಬನೇ.

ಮಗಳು ತೋರಿಸಿದ ಎರಡು ತುಣುಕುಗಳ ಬಗ್ಗೆ ಹೇಳಬೇಕು. ಒಂದು ಹಳೆಯದು, ಐಸಿನ ಮೇಲಿನದು. ಸ್ಕೇಟಿನ ಬ್ಲೇಡು ಸುಮಾರು 4 ಮಿಲಿಮೀಟರ್ ದಪ್ಪ. ಅದರ ತಳದಲ್ಲಿ ಉದ್ದಕ್ಕೂ ಸಣ್ಣ ತಗ್ಗು ಇರುತ್ತದೆ. ಹಾಗಾಗಿ ಒಳಗೊಂದು ಹೊರಗೊಂದು, ಎರಡು ಅಂಚು. ಹೆಚ್ಚುಕಡಿಮೆ ಎಲ್ಲ ಜಿಗಿತಗಳಲ್ಲೂ ಇಳಿಯುವುದು ಒಂದೇ ಕಾಲಿನ ಹೊರ ಅಂಚಿನ ಮೇಲೆ, ಬೆನ್ನು ಮುಂದಾಗಿ. ದೇಹದ ತೂಕದ ಹಲವು ಪಟ್ಟು ಭಾರ ಆ ಒಂದು ಗೆರೆಯ ಮೇಲೆ ಬೀಳುತ್ತದೆ. ಅದೇ ಕ್ಷಣದಲ್ಲಿ ಇನ್ನೊಂದು ಕಾಲು ಹಿಂದಕ್ಕೆ ತೆರೆದುಕೊಳ್ಳಬೇಕು, ಕೈಗಳು ಅಗಲವಾಗಬೇಕು, ಗದ್ದ ಮೇಲಿರಬೇಕು, ಮುಖದಲ್ಲಿ ನೋವು ಕಾಣಬಾರದು. ಬಿದ್ದರೆ ಒಂದು ಅಂಕ ಕಡಿತ. ಆದರೆ ಸಂಗೀತ ನಿಲ್ಲುವುದಿಲ್ಲ. ಬಿದ್ದವನು ಎದ್ದು ಎರಡು ಹೆಜ್ಜೆ ಓಡಿ ತಾಳವನ್ನು ಹಿಡಿಯಬೇಕು.

ಇನ್ನೊಂದು ತುಣುಕು ವೇದಿಕೆಯದು. ಏಳು ಜನ ಒಂದೇ ಚಲನೆಯಲ್ಲಿ ತಿರುಗಿ ನಿಲ್ಲುತ್ತಾರೆ. ಆರು ಜನ ನಿಂತ ಮೇಲೆ ಸರಿಪಡಿಸಿಕೊಳ್ಳುತ್ತಾರೆ. ಹೆಗಲು ಒಂದಿಷ್ಟು ಅಲುಗುತ್ತದೆ, ಪಾದ ಒಂದು ಬೆರಳಷ್ಟು ಜರುಗುತ್ತದೆ. ಇವನು ನಿಂತಲ್ಲಿ ನಿಂತ. ತಿರುಗಿದ ವೇಗವೆಲ್ಲ ಎಲ್ಲಿಗೋ ಇಳಿದು ಹೋದಂತೆ, ಗದ್ದ ಮೇಲೆ, ಮುಖ ನಿರಾಳ. ‘ಇನ್ನೊಮ್ಮೆ ಹಾಕು’ ಎಂದೆ. ಮಗಳಿಗೆ ಆಶ್ಚರ್ಯ. ನನಗೆ ಹಾಡಿನ ಒಂದು ಪದವೂ ನೆನಪಿಲ್ಲ, ಆ ನಿಲುವು ನೆನಪಿದೆ.

ಒಂದು ಸೋಜಿಗವನ್ನೂ ಹೇಳಿಬಿಡುತ್ತೇನೆ. ಅವನು ಸ್ಕೇಟಿಂಗ್ ಶುರು ಮಾಡಿದ ಕಾಲದಲ್ಲಿ ಒಂಟಿ ಸ್ಕೇಟರ್‌ಗಳು ಸಾಹಿತ್ಯವಿರುವ ಹಾಡನ್ನು ಬಳಸುವಂತೆಯೇ ಇರಲಿಲ್ಲ. ಬಳಸಿದರೆ ಅಂಕ ಹೋಗುತ್ತಿತ್ತು. ಬರೀ ವಾದ್ಯ, ಇಲ್ಲವೇ ಪದವಿಲ್ಲದ ಆಲಾಪ. 2014-15ರ ಋತುವಿನಿಂದಷ್ಟೇ ಆ ನಿಯಮ ಸಡಿಲವಾಯಿತು. ಪದಗಳೇ ಇಲ್ಲದ ಸಂಗೀತಕ್ಕೆ ಮೈಯಿಂದ ಅರ್ಥ ಹೇಳಲು ಕಲಿತ ಮಗು ಮುಂದೆ ಹಾಡುಗಾರನಾಯಿತು.

ಸಂಸ್ಥೆಯವರ ಬಗ್ಗೆ ನನಗೆ ಅಷ್ಟು ಮೃದು ಭಾವನೆಯಿಲ್ಲ. ‘ಐಸ್ ಪ್ರಿನ್ಸ್’ ಎಂಬ ಬಿರುದನ್ನು ಎಷ್ಟು ಚೆನ್ನಾಗಿ ಮಾರಿಕೊಂಡಿದ್ದಾರೆ! ನಸುಕಿನ ನಾಲ್ಕು ಗಂಟೆಯ ಚಳಿ, ಹಿಮ್ಮಡಿಯ ಹುಣ್ಣು ಇವೆಲ್ಲ ಒಂದು ಚೆಂದದ ಫೋಟೊ ಆಗಿಬಿಟ್ಟಿವೆ. ಜೊತೆಗೆ ಕರಾರು. ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗ 2009ರಲ್ಲಿ ಮಾದರಿ ಕರಾರು ಪತ್ರವೊಂದನ್ನು ತಂದು ಅವಧಿಯನ್ನು 7 ವರ್ಷಕ್ಕೆ ಕಟ್ಟಿಹಾಕಿತು. ಹಳೆಯ ಹದಿಮೂರು ವರ್ಷದ ಕರಾರಿನ ವಿರುದ್ಧ ಗಾಯಕರು ಅದೇ ವರ್ಷ ಕೋರ್ಟಿಗೆ ಹೋಗಬೇಕಾಯಿತು. ಏಳು ವರ್ಷವೆಂದರೆ ಹದಿನೇಳರಲ್ಲಿ ಸೇರಿದವನಿಗೆ ಯೌವನವೇ.

ಇನ್ನು ಸೈನ್ಯದ ಲೆಕ್ಕ. ಕೊರಿಯಾದಲ್ಲಿ ಗಂಡುಮಕ್ಕಳೆಲ್ಲ ಸುಮಾರು ಒಂದೂವರೆ ವರ್ಷ ಕಡ್ಡಾಯವಾಗಿ ಸೇನೆಯಲ್ಲಿ ಇರಬೇಕು. ಒಲಿಂಪಿಕ್ಸ್‌ನಲ್ಲಿ ಯಾವ ಪದಕ ಗೆದ್ದರೂ, ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರೂ ಆ ಸೇವೆಯಿಂದ ವಿನಾಯಿತಿ ಸಿಗುತ್ತದೆ. ಚಾ ಜುನ್‌ಹ್ವಾನ್ 2025ರ ಫೆಬ್ರುವರಿಯಲ್ಲಿ ಹಾರ್ಬಿನ್‌ನ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದು ಆ ಹಕ್ಕು ಪಡೆದ. ಪಾಪ್ ಹಾಡುಗಾರರಿಗೆ ಅದಿಲ್ಲ. ಜಗತ್ತನ್ನೇ ಕುಣಿಸಿದ ಬಿಟಿಎಸ್ ತಂಡದ ಏಳು ಜನರೂ ಕಡ್ಡಾಯ ಸೇವೆ ಮುಗಿಸಿ ಬಂದರು. 2020ರ ಡಿಸೆಂಬರ್‌ನಲ್ಲಿ ಕಾನೂನು ತಿದ್ದಿ ಕೊಟ್ಟಿದ್ದು ಮುಂದೂಡುವ ಅವಕಾಶವನ್ನು ಮಾತ್ರ. ಗೆಳೆಯರಿಬ್ಬರಲ್ಲಿ ಐಸಿನ ಮೇಲೆ ಉಳಿದವನಿಗೆ ವಿನಾಯಿತಿ, ಇಳಿದವನಿಗೆ ಬಂದೂಕು. ಇದನ್ನೆಲ್ಲ ಬಲ್ಲ ಹುಡುಗ ಸುಲಭದ ದಾರಿ ಹಿಡಿದ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಈಗ ನನ್ನ ಗಾಯದ ಮಾತು. ನಾನು ಒಂಬತ್ತು ವರ್ಷ ಭರತನಾಟ್ಯ ಕಲಿತೆ. ಜೂನಿಯರ್ ಆಯಿತು, ಸೀನಿಯರ್ ಪರೀಕ್ಷೆಯೂ ಆಯಿತು. ವಿದ್ವತ್ತಿಗೆ ಕಟ್ಟುವ ಹೊತ್ತಿಗೆ ದ್ವಿತೀಯ ಪಿಯುಸಿ, ಸಿಇಟಿ. ಗೆಜ್ಜೆಯನ್ನು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಅಮ್ಮ ಅಟ್ಟದ ಮೇಲೆ ಇಟ್ಟರು. ನಮ್ಮ ಟೀಚರ್ ಒಂದು ಮಾತೂ ಆಡಲಿಲ್ಲ. ಆಡಿದವರು ನೆಂಟರು. ‘ಅಷ್ಟು ವರ್ಷ ಫೀಸು ಕಟ್ಟಿದ್ದೆಲ್ಲ ದಂಡ’ ಎಂದು. ಇಪ್ಪತ್ತೆಂಟು ವರ್ಷದಿಂದ ಯಾವ ಮದುವೆಗೆ ಹೋದರೂ ಯಾರಾದರೊಬ್ಬರು ಕೇಳುತ್ತಾರೆ, ‘ನೀನು ಡ್ಯಾನ್ಸ್ ಬಿಟ್ಟೆಯಲ್ಲ?’ ನಾಟ್ಯವನ್ನೇ ಕಲಿಯದವರನ್ನು ಯಾರೂ ಕೇಳುವುದಿಲ್ಲ, ನೋಡಿ. ಅರ್ಧ ದಾರಿ ನಡೆದವರನ್ನೇ ಕೇಳುವುದು.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತವಳು. ನನ್ನನ್ನು ಅವನಿಗೆ ಹೋಲಿಸಿಕೊಳ್ಳುವಷ್ಟು ಹುಚ್ಚು ನನಗಿಲ್ಲ. ಆದರೆ ತಿಂಗಳ ಮೊದಲ ವಾರ ಪಿಂಚಣಿಯವರ ಸಾಲು ಬಾಗಿಲಾಚೆಗೂ ಬೆಳೆದು, ಸರ್ವರ್ ಕೂತು, ಮುಂದೆ ನಿಂತವರು ಧ್ವನಿ ಏರಿಸಿದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಹೆಗಲು ಕೆಳಗಿಳಿಯುತ್ತದೆ, ಮುಖ ಸಡಿಲವಾಗುತ್ತದೆ. ಅದನ್ನು ನನಗೆ ಯಾವ ಬ್ಯಾಂಕೂ ಕಲಿಸಲಿಲ್ಲ.

ಗೃಹಪ್ರವೇಶದಿಂದ ಮರಳುವಾಗ ಕಾರಿನಲ್ಲಿ ಮಗಳು ಮೌನವಾಗಿದ್ದಳು. ಮನೆ ಹತ್ತಿರ ಬಂದಾಗ ಕೇಳಿದಳು, ‘ಅಮ್ಮಾ, ಈಗಲೂ ಅರೆಮಂಡಿ ಕೂರುತ್ತೀಯಾ?’

‘ಯಾಕೆ ಕೂರಬಾರದು?’

ಬೀಗ ತೆಗೆದು ಒಳಗೆ ಹೋದವಳೇ, ಸೀರೆ ಎತ್ತಿ ಕಟ್ಟಿ, ಬೀರುವಿನ ಏಳು ಹುಡುಗರ ಮುಂದೆ ಕೂತೆ. ಬಲ ಮಂಡಿ ಲಟಕ್ಕೆಂದಿತು. ಮಗಳು ಅಂಗೈಯಲ್ಲಿ ತಾಳ ಹಾಕುತ್ತ ಎಣಿಸತೊಡಗಿದಳು. ಹದಿನಾರರವರೆಗೆ ಎಣಿಸುತ್ತೇನೆ ಎಂದಿದ್ದಳು, ನಾನು ಹನ್ನೊಂದಕ್ಕೆ ಗೋಡೆ ಹಿಡಿದೆ.

‘ಒಂದು ಅಂಕ ಕಡಿತ’ ಎಂದಳು. ತಾಳವನ್ನು ಮಾತ್ರ ನಿಲ್ಲಿಸಲಿಲ್ಲ.